ಹೊಲಕ್ಕಿಳಿದ ದಂಡಿನ ಜೀಪು

ಬೆಂಗಳೂರಿನ ಸುತ್ತಲ ರೈತರು ಜೀಪನ್ನು ಶೋರೂಮಿನಿಂದ ಕೊಂಡದ್ದು ಅಪರೂಪ. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಕಡೆ, ಅಂದರೆ ಕಾಡುಗೋಡಿ, ಸಮೇತನಹಳ್ಳಿ, ಹೊಸಕೋಟೆ ಸೀಮೆಯಲ್ಲಿ, ಜೀಪೆಂದರೆ ಬೇರೆಯವರು ದುಡಿಸಿ ಬಿಟ್ಟ ಜೀಪೇ. ದಂಡಿನವರು ಓಡಿಸಿರಬೇಕು, ಇಲ್ಲವೇ ಬ್ಲಾಕ್ ಆಫೀಸಿನವರೋ ಪಿಡಬ್ಲ್ಯುಡಿಯವರೋ ಫಾರೆಸ್ಟಿನವರೋ ಓಡಿಸಿರಬೇಕು. ಇನ್ನು ಇದು ಕೆಲಸಕ್ಕೆ ಬಾರದು ಎಂದು ಅವರು ಕಡತದಲ್ಲಿ ಬರೆದು ಹರಾಜಿಗಿಟ್ಟ ಮೇಲೆ ನಮ್ಮ ಹೊಲಗಳಲ್ಲಿ ಅದು ಇನ್ನೂ ಇಪ್ಪತ್ತು ಮೂವತ್ತು ವರ್ಷ ದುಡಿಯುತ್ತಿತ್ತು. ಜೀಪಿನ ಚರಿತ್ರೆ ಬರೆದವರು ಯುದ್ಧದ ಕಥೆ ಬರೆದಿದ್ದಾರೆ, ಕಂಪನಿಯ ಕಥೆ ಬರೆದಿದ್ದಾರೆ. ಹರಾಜಾದ ಮೇಲಿನ ಆಯುಷ್ಯದ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಪೀಣ್ಯದಲ್ಲಿ ಟರ್ನರ್ ಆಗಿದ್ದವನು. ಆ ಜೀಪುಗಳ ಶಾಫ್ಟು, ಬುಷ್ಷು, ಪಿನ್ನುಗಳನ್ನು ಈ ಕೈಯಲ್ಲಿ ಮಾಡಿಕೊಟ್ಟಿದ್ದೇನೆ. ಗೊತ್ತಿರುವಷ್ಟನ್ನು ಬರೆದಿಡುವ ಜವಾಬ್ದಾರಿ ನನ್ನ ಮೇಲೂ ಇದೆ ಅನ್ನಿಸುತ್ತದೆ.

ಕಥೆ ಶುರುವಾಗುವುದು ನಮ್ಮೂರ ಮಗ್ಗುಲಲ್ಲೇ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. 1943ರಲ್ಲಿ ಆ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಉಸ್ತುವಾರಿಗೆ ಹೋಯಿತು. 84ನೇ ಏರ್ ಡಿಪೊ ಎಂಬ ಹೆಸರಿನಲ್ಲಿ ಅಲ್ಲಿ ಯುದ್ಧವಿಮಾನಗಳ ದುರಸ್ತಿ ನಡೆಯಿತು. ಆ ಅಮೆರಿಕನ್ನರ ಜೊತೆಗೇ ಜೀಪು ಬಂತು. ಬಿಳಿ ನಕ್ಷತ್ರ ಬರೆದ, ಬಾಗಿಲೇ ಇಲ್ಲದ ಆ ಪುಟ್ಟ ಗಾಡಿ ಹೊಲದ ಬದುವನ್ನೂ ಹತ್ತಿ ಇಳಿಯುತ್ತಿದ್ದುದನ್ನು ನಮ್ಮ ತಾತ ಬಾಯಿ ತುಂಬ ಹೇಳುತ್ತಿದ್ದರು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಅಂಥ ಜೀಪುಗಳನ್ನು ಆರು ಲಕ್ಷಕ್ಕೂ ಹೆಚ್ಚು ಮಾಡಿದವು. ಎರಡು ಚಕ್ರಗಳ ನಡುವಿನ ಉದ್ದ 80 ಇಂಚು, ಇಂಜಿನ್ 2,199 ಸಿಸಿ, ಶಕ್ತಿ 60 ಅಶ್ವಬಲ. ಇವತ್ತಿನ ಸಣ್ಣ ಕಾರಿಗೂ ಅದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಆದರೂ ಕೆಸರಿನಲ್ಲಿ ಹೂತ ಎತ್ತಿನ ಗಾಡಿಯನ್ನು ಆ ಜೀಪು ಎಳೆದು ಹಾಕುತ್ತಿತ್ತು.

ಅದರ ಗುಟ್ಟು ಇಂಜಿನ್ನಿನಲ್ಲಿ ಇರಲಿಲ್ಲ, ಗೇರಿನಲ್ಲಿತ್ತು. ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ, ಟ್ರಾನ್ಸ್‌ಫರ್ ಕೇಸು. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೂ ಮುಂದಿನ ಚಕ್ರಗಳಿಗೂ ಹಂಚುವುದು ಅದೇ. ಅದರಲ್ಲಿ ಲೋ ಎಂಬ ಇನ್ನೊಂದು ಗೇರ್ ಇದೆ, ಯುದ್ಧಕಾಲದ ಜೀಪಿನಲ್ಲಿ 1.97ರ ಅನುಪಾತ. ಯುದ್ಧ ಮುಗಿದ 1945ರಲ್ಲೇ ವಿಲ್ಲಿಸ್ ಕಂಪನಿ ಸಿಜೆ-2ಎ ಎಂಬ ಜೀಪನ್ನು ಅಮೆರಿಕದ ರೈತರಿಗೆಂದೇ ತಂದಿತು. ಹಿಂದೆ ತೆರೆಯುವ ಬಾಗಿಲು, ನೇಗಿಲು ಕಟ್ಟುವ ಪಟ್ಟಿ, ಬೇಕೆಂದರೆ ಪಂಪು, ಒಕ್ಕಣೆ ಯಂತ್ರ ಓಡಿಸಲು ಇಂಜಿನ್ನಿನ ಬಲವನ್ನು ಹೊರಕ್ಕೆ ಕೊಡುವ ಪಿಟಿಒ. ಆ ಜೀಪನ್ನು ಮೊದಲ ಗೇರಿನಲ್ಲಿ, ಲೋ ಹಾಕಿ ಬಿಟ್ಟರೆ ಇಂಜಿನ್ ಸುಮಾರು 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ಮನುಷ್ಯನ ನಡಿಗೆಯಷ್ಟೇ, ಆದರೆ ಎಳೆಯುವ ಬಲ ಅಪಾರ.

ಸೈನ್ಯದ ಹಳೇ ಜೀಪು ಹೊಲಕ್ಕೆ ಇಳಿದದ್ದು ನಮ್ಮಲ್ಲಿ ಮಾತ್ರವಲ್ಲ. ಬ್ರಿಟನ್ನಿನ ರೋವರ್ ಕಂಪನಿಯ ಮುಖ್ಯ ವಿನ್ಯಾಸಕ ಮಾರಿಸ್ ವಿಲ್ಕ್ಸ್ ವೇಲ್ಸಿನ ಆಂಗಲ್ಸಿ ದ್ವೀಪದ ತನ್ನ ಜಮೀನಿನಲ್ಲಿ ದುಡಿಸುತ್ತಿದ್ದುದು ಸೈನ್ಯದಿಂದ ಬಂದ ಹಳೇ ವಿಲ್ಲಿಸ್ ಜೀಪನ್ನೇ. ಅದು ಕೆಟ್ಟರೆ ಇನ್ನೊಂದು ಎಲ್ಲಿ ಸಿಗುತ್ತದೆ ಎಂಬ ಯೋಚನೆಯಿಂದಲೇ ಲ್ಯಾಂಡ್ ರೋವರ್ ಹುಟ್ಟಿತು. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟರು.

ಅದೇ 1948ರಲ್ಲಿ ನಮ್ಮ ದೇಶವೂ ಹಳೇ ಜೀಪಿನ ವ್ಯಾಪಾರಕ್ಕೆ ಕೈ ಹಾಕಿತು. ಕಾಶ್ಮೀರದ ಯುದ್ಧದ ತುರ್ತು. ಲಂಡನ್ನಿನ ನಮ್ಮ ಹೈಕಮಿಷನರ್ ಕಚೇರಿ ರಿಪೇರಿ ಮಾಡಿದ ಜೀಪುಗಳಿಗೆ ಒಪ್ಪಂದ ಮಾಡಿಕೊಂಡಿತು. ಬಂದಿಳಿದದ್ದು 155 ಜೀಪು, ಅವೂ ಸೈನ್ಯದ ಉಪಯೋಗಕ್ಕೆ ಬರಲಿಲ್ಲ. ಸ್ವತಂತ್ರ ಭಾರತದ ಮೊದಲ ಹಗರಣ ಎಂದು ಅದಕ್ಕೆ ಹೆಸರು ಬಂತು. ಅದರ ರಾಜಕೀಯ ಏನೇ ಇರಲಿ, ಗ್ಯಾರೇಜಿನ ಮನುಷ್ಯನಾಗಿ ನನಗೆ ಕಾಣುವುದು ಇಷ್ಟು: ಹಳೇ ಜೀಪನ್ನು ಬಣ್ಣ ನೋಡಿ, ಕಾಗದ ನೋಡಿ ಕೊಳ್ಳಲಾಗದು. ಕೆಳಗೆ ಮಲಗಿ ನೋಡಿಯೇ ಕೊಳ್ಳಬೇಕು.

ಮಹೀಂದ್ರಾ ಕಂಪನಿ 1947ರಿಂದಲೇ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸುತ್ತಿತ್ತು. ಮುಂದೆ ಸಿಜೆ-3ಬಿ ಮಾದರಿಯನ್ನು ಇಲ್ಲೇ ತಯಾರಿಸತೊಡಗಿತು. ಎತ್ತರದ ಹರಿಕೇನ್ ಇಂಜಿನ್ ಹಿಡಿಸಲು ಬಾನೆಟ್ಟನ್ನೇ ಎತ್ತರಿಸಿದ ಜೀಪು ಅದು. ಹಳೆಯ ಸಿನಿಮಾಗಳಲ್ಲಿ ಪೊಲೀಸರು ಇಳಿಯುವುದು ಅದರಿಂದಲೇ. ಅಮೆರಿಕದಲ್ಲಿ 1968ಕ್ಕೇ ನಿಂತ ಆ ಮಾದರಿ ನಮ್ಮಲ್ಲಿ ಆಮೇಲೂ ದಶಕಗಟ್ಟಲೆ ನಡೆಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕಿಗೊಬ್ಬ ಅಧಿಕಾರಿ, ಅವರಿಗೊಂದು ಜೀಪು. ಹಳ್ಳಿಗೆ ಸರ್ಕಾರ ಬಂತು ಎಂದರೆ ಜೀಪು ಬಂತು ಎಂದೇ ಅರ್ಥ. ಆ ಸರ್ಕಾರಿ ಜೀಪುಗಳೇ ಹತ್ತು ಹನ್ನೆರಡು ವರ್ಷಗಳ ನಂತರ ಹರಾಜಿನಲ್ಲಿ ನಮ್ಮವರ ಕೈಗೆ ಬಂದವು.

ಇಲ್ಲಿ ವೈಟ್‌ಫೀಲ್ಡಿನ ಮಾತು ಹೇಳಲೇಬೇಕು. ಇವತ್ತು ಆ ಹೆಸರು ಕೇಳಿದರೆ ಗಾಜಿನ ಕಟ್ಟಡ ನೆನಪಾಗುತ್ತದೆ. ಆದರೆ ಅದು ಹುಟ್ಟಿದ್ದು ಬೇಸಾಯಕ್ಕೆ. 1882ರಲ್ಲಿ ಚಾಮರಾಜ ಒಡೆಯರು 3,900 ಎಕರೆ ಭೂಮಿಯನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟರು, ಆ ಜನ ಸಾಗುವಳಿ ಮಾಡಿಕೊಂಡು ನೆಲೆಯೂರಲಿ ಎಂದು. ಸಂಘದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಸುತ್ತ ನಮ್ಮ ರಾಗಿ, ಅವರೆ, ಹುರುಳಿ. ಆಮೇಲೆ ದ್ರಾಕ್ಷಿ. ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು, ಇವತ್ತಿನ ಹಾಪ್‌ಕಾಮ್ಸ್ ಅದೇ. ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬೆಳಗಾಗುವ ಮೊದಲು ಊರೊಳಕ್ಕೆ ಮುಟ್ಟಿಸಬೇಕು. ಎತ್ತಿನ ಗಾಡಿಯಲ್ಲಿ ಹೊರಟರೆ ಹಣ್ಣು ಜಜ್ಜಿಹೋಗುತ್ತಿತ್ತು. ತೋಟದಿಂದ ಟಾರು ರಸ್ತೆಯವರೆಗೆ ಕೆಮ್ಮಣ್ಣಿನ ದಾರಿ, ಮುಂಗಾರು ಬಿದ್ದರೆ ಲಾರಿ ಒಳಗೆ ಬರುವ ಮಾತೇ ಇಲ್ಲ. ಜೀಪಿನ ಹಿಂದೆ ಟ್ರೇಲರ್ ಕಟ್ಟಿ ಬುಟ್ಟಿಗಳನ್ನು ರಸ್ತೆಗೆ ತಂದು ಹಾಕುವುದನ್ನು ನಮ್ಮ ಕಡೆಯವರು ಕಲಿತದ್ದು ಹೀಗೆ. ಹಾಲಿನ ಕ್ಯಾನು, ರಾಗಿ ಹುಲ್ಲು, ನೀಲಗಿರಿ ಗಳ, ನೀರಿನ ಡ್ರಮ್ಮು, ಬಾವಿಯಿಂದ ಬಾವಿಗೆ ಸಾಗಿಸುವ ಡೀಸೆಲ್ ಪಂಪ್‌ಸೆಟ್ಟು, ಎಲ್ಲಕ್ಕೂ ಅದೇ. ಉಳುಮೆಗೆ ಮಾತ್ರ ಜೀಪು ಹೇಳಿ ಮಾಡಿಸಿದ್ದಲ್ಲ. ಅಮೆರಿಕದ ಜಾಹೀರಾತಿನಲ್ಲಿ ಅದು ನೇಗಿಲು ಎಳೆಯುವ ಚಿತ್ರ ಇರುತ್ತಿತ್ತು. ನಮ್ಮ ಗಟ್ಟಿ ಕೆಂಪು ನೆಲದಲ್ಲಿ ಒಂದು ಎಕರೆ ಮುಗಿಯುವುದರೊಳಗೆ ಕ್ಲಚ್ಚು ಸುಟ್ಟ ವಾಸನೆ ಬರುತ್ತಿತ್ತು. ಉಳುಮೆಗೆ ಟ್ರ್ಯಾಕ್ಟರು, ಎಳೆಯುವುದಕ್ಕೆ ಜೀಪು, ಈ ತೀರ್ಮಾನ ನಮ್ಮ ಹಿರಿಯರದು. ನಾನು ಅದನ್ನು ಬದಲಾಯಿಸುವ ಕಾರಣ ಇವತ್ತಿಗೂ ಕಂಡಿಲ್ಲ.

ನಮ್ಮಪ್ಪ ಜೀಪು ಕೊಳ್ಳಲು ಹೊರಟಾಗ ಜೊತೆಗೆ ಬಂದವರು ಶಿವಾಜಿನಗರದ ಒಬ್ಬ ಮೇಸ್ತ್ರಿ. ಸೈನ್ಯದ ವಾಹನ, ಯಂತ್ರಗಳ ದುರಸ್ತಿ ನೋಡುವ ಇಎಂಇ ದಳದಲ್ಲಿ ದುಡಿದು ನಿವೃತ್ತರಾದವರು. ದಂಡಿನ ಊರಾದ ಬೆಂಗಳೂರಿಗೆ ಇದೊಂದು ಭಾಗ್ಯ. ಸೈನ್ಯದ ಜೀಪು ಹೊರಗೆ ಬಂದಂತೆ ಅದನ್ನು ಬಿಚ್ಚಿ ಕಟ್ಟಬಲ್ಲ ಕೈಗಳೂ ಹೊರಗೆ ಬಂದವು, ಗ್ಯಾರೇಜು ತೆರೆದವು. ಬಿಡಿಭಾಗ ಬೇಕೆಂದರೆ ಜೆ.ಸಿ. ರಸ್ತೆ, ಹಳೇ ಸಾಮಾನು ಬೇಕೆಂದರೆ ಶಿವಾಜಿನಗರದ ಗುಜರಿ.

ನಮ್ಮಪ್ಪ ಬಾನೆಟ್ ಎತ್ತಲು ಹೋದರು. ಮೇಸ್ತ್ರಿ ತಡೆದರು. "ಗೌಡ್ರೇ, ಇಂಜಿನ್ ಬುಡಿ, ಅದನ್ನ ಬೋರ್ ಮಾಡಿಸ್ಬೋದು. ಚಾಸಿ ಹೋಗಿದ್ರೆ ಏನ್ ಮಾಡ್ತೀರ?" ಎಂದವರೇ ಒಂದು ಗೋಣಿತಾಟು ಹಾಸಿ ಜೀಪಿನ ಕೆಳಗೆ ನುಗ್ಗಿದರು. ಮೊದಲು ನೋಡಿದ್ದು ಹಿಂದಿನ ಅಡ್ಡಪಟ್ಟಿ. ಟ್ರೇಲರಿನ ಕೊಕ್ಕೆ ಕೂರುವುದು ಅದರ ಮೇಲೆ. ವರ್ಷಗಟ್ಟಲೆ ಭಾರ ಎಳೆದ ಜೀಪಿನಲ್ಲಿ ಬೋಲ್ಟಿನ ತೂತು ದುಂಡಗೆ ಉಳಿದಿರುವುದಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಹೊಸ ಬಣ್ಣದ ಕೆಳಗೆ ವೆಲ್ಡಿಂಗ್ ಗಂಟು ಕೈಗೆ ಸಿಗುತ್ತದೆ. ಆಮೇಲೆ ಕಮಾನ್ ಪಟ್ಟಿ ಚಾಸಿಗೆ ಸೇರುವ ನಾಲ್ಕೂ ಜಾಗ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ದಪ್ಪ ದನಿಯಲ್ಲಿ ಡಬ್ ಅನ್ನುತ್ತದೆ. ಆ ದನಿಯ ವ್ಯತ್ಯಾಸ ನನ್ನ ಕಿವಿಯಲ್ಲಿ ಇನ್ನೂ ಇದೆ.

ಮುಂದಿನದು ನಾಲ್ಕು ಚಕ್ರದ ಪರೀಕ್ಷೆ. ಒಣ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ನಿಧಾನವಾಗಿ ಬಿಡಿ ಎಂದರು. ಈ ಜೀಪುಗಳಲ್ಲಿ ಮುಂದಿನ ಹೌಸಿಂಗಿಗೂ ಹಿಂದಿನದಕ್ಕೂ ನಡುವೆ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕು, ಹಿಂದಿನವು ಕಡಿಮೆ. ಒಣ ರಸ್ತೆಯಲ್ಲಿ ಟೈರು ಜಾರುವುದಿಲ್ಲ, ಹಾಗಾಗಿ ಗಾಡಿ ಬಿಗಿದು, ಹಿಡಿದು ಹಿಡಿದು ಹೋಗುತ್ತದೆ. ಹಾಗೆ ಬಿಗಿದರೆ ಮುಂದಿನ ಚಕ್ರಕ್ಕೆ ಬಲ ಹೋಗುತ್ತಿದೆ ಎಂದು ಖಾತ್ರಿ. ಸಲೀಸಾಗಿ ತಿರುಗಿದರೆ ಒಳಗೆ ಏನೋ ತುಂಡಾಗಿದೆ, ಇಲ್ಲವೇ ತೆಗೆದು ಹಾಕಿದ್ದಾರೆ. ಇದು ಕೆಲವೇ ಗಜ ದೂರದ ಪರೀಕ್ಷೆ, ಅಷ್ಟೇ ಸಾಕು, ಹೆಚ್ಚು ಮಾಡಿದರೆ ಗೇರು ಮುರಿಯುತ್ತದೆ. ಇವತ್ತು ವರ್ತುಲ ರಸ್ತೆಯಲ್ಲಿ ಫೋರ್‌ವೀಲ್ ಹಾಕಿಕೊಂಡೇ ಓಡಿಸುವ ಹುಡುಗರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದು ಕೆಸರಿಗೆ, ಮರಳಿಗೆ, ಒದ್ದೆ ಹುಲ್ಲಿಗೆ ಇರುವ ಗೇರು.

ನಾನು ಪೀಣ್ಯಕ್ಕೆ ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಕೈಗಾರಿಕಾ ಪ್ರದೇಶ ಇನ್ನೂ ಏಳುತ್ತಿದ್ದ ಕಾಲದಲ್ಲಿ. ಪಕ್ಕದ ಜಾಲಹಳ್ಳಿಯಲ್ಲಿ 1953ರಿಂದ ಎಚ್‌ಎಂಟಿ ಇತ್ತು. ಅಲ್ಲಿ ತಯಾರಾದ ಲೇತುಗಳು, ಅಲ್ಲಿ ತರಬೇತಾದ ಟರ್ನರುಗಳು ಪೀಣ್ಯದ ಸಣ್ಣ ಸಣ್ಣ ಶೆಡ್ಡುಗಳಿಗೆ ಹರಡಿದರು. ಒಂದು ಬೀದಿಯಲ್ಲಿ ಗೇರ್ ಕಟಿಂಗ್, ಮುಂದಿನ ಬೀದಿಯಲ್ಲಿ ಹೀಟ್ ಟ್ರೀಟ್‌ಮೆಂಟ್, ಅದರಾಚೆ ಗ್ರೈಂಡಿಂಗ್. ಹಗಲೆಲ್ಲ ದೊಡ್ಡ ಕಂಪನಿಗಳ ಆರ್ಡರು. ಸಂಜೆಯಾದರೆ ಮೆಕ್ಯಾನಿಕ್‌ಗಳು ಎಣ್ಣೆ ಜಿಡ್ಡಿನ ಬಟ್ಟೆಯಲ್ಲಿ ಸವೆದ ಭಾಗ ಸುತ್ತಿಕೊಂಡು ಬರುತ್ತಿದ್ದರು.

ಅವುಗಳಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ಟ್ರಾನ್ಸ್‌ಫರ್ ಕೇಸಿನ ನಡುವಿನ ಶಾಫ್ಟು. ಯುದ್ಧಕಾಲದ ಜೀಪಿನಲ್ಲಿ ಅದರ ದಪ್ಪ ಬರೀ ಮುಕ್ಕಾಲು ಇಂಚು. ಅದೇ ಅದರ ದುರ್ಬಲ ಜಾಗ. ಯುದ್ಧದ ನಂತರ ಅದನ್ನು ಒಂದೂಕಾಲು ಇಂಚಿಗೆ ಅರ್ಧಪಾವು ಕಡಿಮೆ, ಅಂದರೆ 1⅛ ಇಂಚು ಮಾಡಿದರು. ಐವತ್ತರ ದಶಕದಲ್ಲಿ 1¼ ಇಂಚಿಗೆ ಏರಿಸಿದರು. ಅಮೆರಿಕದ ಇಂಜಿನಿಯರುಗಳು ಮೂರು ಬಾರಿಗೆ ಕಲಿತ ಪಾಠವನ್ನು ನಾನು ನನ್ನ ಬೆಂಚಿನ ಮೇಲೆ ಒಟ್ಟಿಗೆ ನೋಡಿದ್ದೇನೆ. ಸವೆದ ಶಾಫ್ಟಿನ ಮೇಲೆ ಉಗುರು ಎಳೆದರೆ ಸೂಜಿ ಬೇರಿಂಗ್ ಕೂರುತ್ತಿದ್ದ ಜಾಗದಲ್ಲಿ ಉಗುರು ತಡೆಯುತ್ತಿತ್ತು. ಇಎನ್ 353 ಸರಳು ತಂದು ತಿರುವಿ, ಗ್ರೈಂಡಿಂಗಿಗೆಂದು ಕೆಲವು ಥೌ, ಅಂದರೆ ಇಂಚಿನ ಸಾವಿರದ ಕೆಲವು ಪಾಲು, ಬಿಟ್ಟು, ಕೇಸ್ ಹಾರ್ಡನಿಂಗಿಗೆ ಕಳಿಸಿ, ವಾಪಸು ಬಂದ ಮೇಲೆ ಗ್ರೈಂಡ್ ಮಾಡಿಸಿ ಅಳತೆಗೆ ತರುವುದು. ಮೇಲ್ಮೈ ಗಾಜಿನಷ್ಟು ಗಟ್ಟಿ ಇರಬೇಕು, ಒಳಗಿನ ತಿರುಳು ಮೆತ್ತಗಿದ್ದು ಪೆಟ್ಟು ತಾಳಬೇಕು. ಪೂರ್ತಿ ಗಟ್ಟಿ ಮಾಡಿದರೆ ಮೊದಲ ಎಳೆತಕ್ಕೇ ಮುರಿಯುತ್ತದೆ. ಹೊಸಕೋಟೆಯಲ್ಲಿ ನಿಂತುಹೋದ ಜೀಪು ಮುಂಬಯಿಯ ಬಿಡಿಭಾಗಕ್ಕೆ ಕಾಯದೆ ಅದೇ ವಾರ ಹೊಲಕ್ಕೆ ಇಳಿಯುತ್ತಿದ್ದುದು ಪೀಣ್ಯದ ಈ ಬೀದಿಗಳಿಂದ.

ನನ್ನ ಮಾತಿನ ತಿರುಳೂ ಇಷ್ಟೇ. ನಮ್ಮ ಸೀಮೆಯಲ್ಲಿ ಜೀಪು ಉಳಿದದ್ದು ಅದರ ಗಟ್ಟಿತನದಿಂದ ಮಾತ್ರ ಅಲ್ಲ. ಅದರ ಪ್ರತಿ ಭಾಗವನ್ನೂ ಒಬ್ಬ ಸಾಧಾರಣ ಟರ್ನರ್ ನೋಡಿ, ಅಳೆದು, ಮತ್ತೆ ಮಾಡಬಹುದಿತ್ತು.

ಎಪ್ಪತ್ತಮೂರರ ತೈಲ ಬಿಕ್ಕಟ್ಟಿನ ಮೇಲೆ ಪೆಟ್ರೋಲ್ ಜೀಪು ರೈತನಿಗೆ ಭಾರವಾಯಿತು. ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂರಿಸುವ ಕೆಲಸ ಗ್ಯಾರೇಜುಗಳಿಗೆ ದೊಡ್ಡ ದುಡಿಮೆಯಾಯಿತು. ಕಂಪನಿಯೂ ಡೀಸೆಲ್ ಜೀಪು ತಂದಿತು. ಅದರ ಎಂಡಿ 2350 ಇಂಜಿನ್ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಇಂಜಿನ್ ವಂಶದ್ದು. ಟ್ರ್ಯಾಕ್ಟರ್ ಬಲ್ಲ ಹಳ್ಳಿ ಮೆಕ್ಯಾನಿಕ್‌ಗೆ ಈ ಜೀಪು ಕೈಗೂಸಾಯಿತು. ಡೀಸೆಲ್ ಪಂಪು ಕೆಟ್ಟರೆ ಆಡುಗೋಡಿಯಲ್ಲೇ ಮೈಕೋ ಕಾರ್ಖಾನೆ, ಪಂಪು ಕಲಿತ ಕೈಗಳು ಊರ ತುಂಬ. ಆಮೇಲೆ ಬಂದ ಎಂಎಂ 540 ಜೀಪಿಗೆ ಪ್ಯೂಜೋ ಮೂಲದ 2,112 ಸಿಸಿ ಇಂಜಿನ್. ಚಕ್ರಗಳ ನಡುವಿನ ಉದ್ದ 91 ಇಂಚು. ಟ್ರೇಲರ್ ಎಳೆಯುವವರಿಗೆ ಈ 11 ಇಂಚಿನ ವ್ಯತ್ಯಾಸ ದೊಡ್ಡದು. ಗಿಡ್ಡ ಜೀಪು ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಹಿಂದಿನ ಟ್ರೇಲರ್ ತಳ್ಳಿ ಅಡ್ಡ ತಿರುಗಿಸಿಬಿಡುತ್ತದೆ. ಉದ್ದದ್ದು ನೇರ ನಿಲ್ಲುತ್ತದೆ.

ಸೈನ್ಯದಿಂದ ಬಂದ ಇನ್ನೆರಡು ಗಾಡಿಗಳಿವೆ. ಜಬಲ್‌ಪುರದ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ಆದ ಜೊಂಗಾ, ನಿಸ್ಸಾನ್ ಪ್ಯಾಟ್ರೋಲ್ ಮಾದರಿ, ಆರು ಸಿಲಿಂಡರಿನ 3,956 ಸಿಸಿ ಪೆಟ್ರೋಲ್ ಇಂಜಿನ್. ಬಲಕ್ಕೆ ಎರಡು ಮಾತಿಲ್ಲ, ಆದರೆ ಅದರ ಹೊಟ್ಟೆ ತುಂಬಿಸಲು ರೈತನಿಂದಾಗದು. ಇನ್ನೊಂದು 1985ರಲ್ಲಿ ಬಂದ ಮಾರುತಿ ಜಿಪ್ಸಿ. ಹಗುರ, ಚುರುಕು, ಕೆಸರಿನಲ್ಲಿ ಅದನ್ನು ಹಿಡಿಯುವವರಿಲ್ಲ. ನನಗೆ ಅದರ ಮೇಲೆ ಪ್ರೀತಿಯೇ ಇದೆ. ತೋಟ ಸುತ್ತಿ ಬರಲು ತೆಗೆದುಕೊಳ್ಳಿ, ಒಂದು ಟನ್ ಗೊಬ್ಬರ ಎಳೆಯಲು ಬೇಡ.

ಹೊಲ ಹೋದದ್ದು ಎರಡು ಕಡೆಯಿಂದ. ತೆಂಕಲಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು 1978ರಲ್ಲಿ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದರು. ಮೂಡಲಲ್ಲಿ ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್ ಎದ್ದಿತು. ದ್ರಾಕ್ಷಿ ಚಪ್ಪರದ ಕಲ್ಲುಕಂಬ ಕಿತ್ತರು, ಸೈಟು ಮಾಡಿದರು. ಟ್ರೇಲರಿಗೆ ಕೆಲಸವಿಲ್ಲದ ಮೇಲೆ ಜೀಪು ಶೆಡ್ಡು ಸೇರಿತು. ಸೊಪ್ಪು ತರಕಾರಿಗೆ ಟಾಟಾ 407, ಆಮೇಲೆ ಏಸ್, ಬೊಲೆರೊ ಪಿಕಪ್ ಬಂದವು. ನೆಲ ಮಾರಿದವರ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಮನೆಯವರೂ ಮಾರಿದವರೇ. ಆದರೆ ಆ ಕೈಕಸುಬು ಅದರ ಜೊತೆಗೇ ಹೋಯಿತಲ್ಲ ಎಂಬ ನೋವು ಇದೆ.

ಈಗ ಇನ್ನೊಂದು ತಲೆಮಾರು ಬಂದಿದೆ. ಅದೇ ಐಟಿಪಿಎಲ್, ಅದೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವವರು ಮಾಲೂರು, ಆನೇಕಲ್ ಕಡೆ ಒಂದೆರಡು ಎಕರೆ ತೆಗೆದು, ಹಳೇ ಫೋರ್‌ವೀಲ್ ಗಾಡಿ ಹುಡುಕಿಕೊಂಡು ನನ್ನಂಥವರ ಹತ್ತಿರ ಬರುತ್ತಾರೆ. ಅವರಿಗೆ ನಾನು ಹೇಳುವುದು ಇದು. ಹೊರಗಿನಿಂದ ಜೀಪಿನಂತೆ ಕಂಡದ್ದೆಲ್ಲ ಫೋರ್‌ವೀಲ್ ಅಲ್ಲ. ಕಂಪನಿಯೇ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವ ಜೀಪುಗಳನ್ನು ಬೇಕಾದಷ್ಟು ಮಾರಿದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟು ಇದೆಯೇ ಎಂದು ಬಗ್ಗಿ ನೋಡಿ. ಇಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ತೆಗೆಯಿರಿ, ಹೊಗೆ ಬುಸುಬುಸು ಉಕ್ಕಿದರೆ ಪಿಸ್ಟನ್ ರಿಂಗು ಸವೆದಿದೆ. ಅದಕ್ಕೆ ಹೆದರಬೇಡಿ, ಬೆಲೆ ಇಳಿಸಿ. ಚಾಸಿ ಸೀಳಿದ್ದರೆ ಬೆಲೆಯ ಮಾತೇ ಬೇಡ, ಎದ್ದು ಬನ್ನಿ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಒಳಗೆ ಡೀಸೆಲ್ ಇಂಜಿನ್ ಇದ್ದರೆ ಮೊದಲು ಅದನ್ನು ಮಾರುವವರಿಂದಲೇ ಸರಿಪಡಿಸಿಕೊಳ್ಳಿ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನೋಂದಣಿ ಮುಂದುವರಿಸಬೇಕು, 2022ರ ಏಪ್ರಿಲ್‌ನಿಂದ ಆ ಶುಲ್ಕವೂ ಏರಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಳೆಯುವ ಕೆಲಸವೇ ಮುಖ್ಯವಾದರೆ ನನ್ನ ಆಯ್ಕೆ ಫೋರ್‌ವೀಲ್ ಇರುವ ಎಂಎಂ 540, ಅದು ಸಿಗದಿದ್ದರೆ ಫೋರ್‌ವೀಲ್ ಬೊಲೆರೊ ಕ್ಯಾಂಪರ್. ಎರಡೂ ಹಳ್ಳಿ ಗ್ಯಾರೇಜಿನಲ್ಲಿ ರಿಪೇರಿ ಆಗುತ್ತವೆ.

ಕೊನೆಗೆ ಒಂದು ಕೇಳಿಕೆ, ಕೊಳ್ಳುವವರಿಗಲ್ಲ, ಇಟ್ಟುಕೊಂಡವರಿಗೆ. ನಿಮ್ಮ ಕೊಟ್ಟಿಗೆಯಲ್ಲೋ ಶೆಡ್ಡಿನಲ್ಲೋ ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರಿನ ಜೀಪು ನಿಂತಿದ್ದರೆ, ಗುಜರಿಗೆ ಹಾಕುವ ಮೊದಲು ಅದರ ಆರ್‌ಸಿ ಪುಸ್ತಕ ತೆಗೆದಿಡಿ. ಯಾವ ಇಲಾಖೆಯಿಂದ, ಯಾವ ಹರಾಜಿನಿಂದ, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ಮುದ್ರೆ ಸಮೇತ ಅದರಲ್ಲಿದೆ. ಈ ಚರಿತ್ರೆಗೆ ಅದನ್ನು ಬಿಟ್ಟರೆ ಬೇರೆ ದಾಖಲೆ ಇಲ್ಲ.